ಮೂರನೇ ಲೇನಿನಲ್ಲಿ ನಿಲ್ಲದ ವ್ಯಾನು

ಹೆದ್ದಾರಿಯ ಟೋಲ್ ಗೇಟಿನ ಮೂರನೇ ಲೇನಿನಲ್ಲಿ ಕೂರುವವನನ್ನು ಅಲ್ಲಿನವರೆಲ್ಲ ಜೋಪಾನಪ್ಪ ಎಂದು ಕರೆಯುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ಚಹಾ ಕುಡಿಯಲು ಎದ್ದವರಿಗೂ "ಜೋಪಾನ, ಎರಡೂ ಕಡೆ ನೋಡ್ಕೊಂಡು ದಾಟಿ" ಎನ್ನದೆ ಬಿಡುತ್ತಿರಲಿಲ್ಲವಾದ್ದರಿಂದ ಅಂಟಿಕೊಂಡದ್ದು. ಹಗ್ಗ ಕಂಡರೆ ಹಾವು ಎನ್ನುವ ಜನ ಎಲ್ಲ ಕಡೆ ಇರುತ್ತಾರೆ. ಇವನು ಹಗ್ಗವೂ ಇಲ್ಲದ ಕಡೆ ಹಾವು ಎಲ್ಲಿ ಅಡಗಿದೆಯೋ ಎಂದು ಹುಡುಕುವವನು. ಇಂಥವನಿಗೆ ಸಿಕ್ಕಿದ ಕೆಲಸ, ದಿನವಿಡೀ ಗಾಡಿಗಳು ಮೂಗಿನ ಮುಂದೆಯೇ ನುಗ್ಗುವ ಜಾಗದಲ್ಲಿ. ಸಿಕ್ಕಿದ ಹೆಂಡತಿ, ಆ ನುಗ್ಗುವವರಲ್ಲೇ ಒಬ್ಬಳು.

ಅವಳು ಶಾಲೆಯ ಹಳದಿ ವ್ಯಾನು ಓಡಿಸುತ್ತಿದ್ದಳು. ಮಕ್ಕಳಿಗೆಲ್ಲ ಅವಳು ವ್ಯಾನಕ್ಕ. ಹೆದ್ದಾರಿಯಾಚೆಯ ಮನೆಗಳಿಂದ ಪುಟಾಣಿಗಳನ್ನು ತುಂಬಿಕೊಂಡು ಪ್ರತಿ ಬೆಳಿಗ್ಗೆ ಗಂಡನ ಕಣ್ಣೆದುರೇ ಟೋಲ್ ದಾಟಿ ಶಾಲೆಗೆ ಹೋಗುತ್ತಿದ್ದಳು. ಕೈ ಪಳಗಿದ ಚಾಲಕಿ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವುದೆಂದರೆ ಮಾತ್ರ ಅವಳಿಗೆ ಆಗದು. ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ, ಆದರೂ ದಾರಿಯುದ್ದಕ್ಕೂ ಕಾಲಡಿಯ ಇಲ್ಲದ ಬ್ರೇಕನ್ನು ಒತ್ತುತ್ತ ಬರುತ್ತಾನೆ. "ನೀವು ಹೀಗೇ ಒತ್ತುತ್ತಾ ಇದ್ರೆ ಒಂದಿನ ಗಾಡಿ ತಳ ಕಿತ್ತು ಬರುತ್ತೆ ನೋಡಿ" ಎಂದು ಅವಳು ನಗುತ್ತಿದ್ದಳು.

ದುಡ್ಡು ಕೈಯಿಂದ ಕೈಗೆ ದಾಟುತ್ತಿದ್ದ ಕಾಲದಲ್ಲಿ ಎಂಥ ಧಿಮಾಕಿನವನೂ ಟೋಲಿನಲ್ಲಿ ನಿಲ್ಲಲೇಬೇಕಿತ್ತು. ಗಾಜಿನ ಮೇಲೆ ಸ್ಟಿಕ್ಕರ್ ಬಂತು, ತಲೆಯ ಮೇಲಿನ ಯಂತ್ರ ಅದನ್ನು ದೂರದಿಂದಲೇ ಓದತೊಡಗಿತು, ಅಡ್ಡಕೋಲು ತಾನಾಗಿ ಏಳತೊಡಗಿತು, ಜನರಿಗೆ ನಿಲ್ಲುವುದೇ ಮರೆತುಹೋಯಿತು. ನಿಧಾನವಾಗಿ ಬನ್ನಿ ಎಂದು ಆಳೆತ್ತರದ ಬೋರ್ಡು ಹಾಕಿದರೆ ಅದರ ಬುಡದಲ್ಲೇ ಗೇರು ಏರಿಸುತ್ತಾರೆ. ಕೋಲು ಅರ್ಧ ಎದ್ದಿರುವಾಗಲೇ ಅದರ ಕೆಳಗೆ ನುಸುಳುವವರು ಕೆಲವರು. ಮುಂದಿನ ಗಾಡಿಗೆ ಎದ್ದ ಕೋಲು ಬೀಳುವುದರೊಳಗೆ ಅದರ ಬಾಲ ಹಿಡಿದು ದಾಟಿಬಿಡುವವರು ಕೆಲವರು. ಬ್ರೇಕು ಒತ್ತಿದರೆ ಮರ್ಯಾದೆ ಹೋಯಿತು ಎಂದೇ ಎಲ್ಲರೂ ತಿಳಿದ ಹಾಗಿದೆ. ಅಷ್ಟೊಂದು ಅವಸರ ಎಲ್ಲಿಗಪ್ಪಾ ಎಂದು ಕೇಳಿದರೆ ಒಬ್ಬನ ಬಾಯಲ್ಲೂ ಉತ್ತರವಿರಲಾರದು.

ವ್ಯಾನಕ್ಕ ಮೊದಲು ಹೀಗಿರಲಿಲ್ಲ. ಟೋಲಿನ ಹತ್ತಿರ ವೇಗ ತಗ್ಗಿಸಿ, ಕೋಲು ಪೂರ್ತಿ ಎದ್ದ ಮೇಲೆಯೇ ದಾಟುತ್ತಿದ್ದಳು. ಒಂದು ಬೆಳಿಗ್ಗೆ ಯಂತ್ರ ಅವಳ ಸ್ಟಿಕ್ಕರನ್ನು ಓದಲಿಲ್ಲ. ಕೋಲು ಏಳಲಿಲ್ಲ. ಅವಳು ಬ್ರೇಕು ತುಳಿದಳು. ಹಿಂದಿದ್ದ ಮರಳಿನ ಲಾರಿ ಕಿರುಚಿಕೊಂಡು ಪಕ್ಕಕ್ಕೆ ಹೊರಳಿ ಸಿಮೆಂಟಿನ ಕಟ್ಟೆಗೆ ಉಜ್ಜಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ವ್ಯಾನಿನೊಳಗೆ ಮಕ್ಕಳ ನೀರಿನ ಬಾಟಲಿಗಳು ಉರುಳಿದವು, ಅಷ್ಟೆ. ಸಂಜೆ ಅವಳು ಅದನ್ನು ನೆನೆಸಿಕೊಂಡು ನಕ್ಕಳು. ಅವನು ಮಾತ್ರ ಊಟದ ತಟ್ಟೆಯನ್ನು ಬದಿಗೆ ಸರಿಸಿದ. ಲಾರಿ ಪಕ್ಕಕ್ಕೆ ಹೊರಳದೆ ನೇರ ಬಂದಿದ್ದರೆ ಎಂಬ ಒಂದೇ ಯೋಚನೆ ತಲೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು.

ಬೂತಿನ ಮೇಜಿನ ಅಂಚಿನಲ್ಲಿ ಒಂದು ಹಸಿರು ಗುಂಡಿ ಇತ್ತು. ಆಂಬುಲೆನ್ಸೋ ಬೆಂಕಿ ಆರಿಸುವ ಗಾಡಿಯೋ ಬಂದರೆ ಕೋಲು ಎತ್ತಲೆಂದು ಕೊಟ್ಟದ್ದು. ಮರುದಿನ ದಿಬ್ಬದ ತುದಿಯಲ್ಲಿ ಹಳದಿ ಬಣ್ಣ ಕಂಡದ್ದೇ ತಡ, ಜೋಪಾನಪ್ಪ ಅದನ್ನು ಒತ್ತಿದ. ಕಿಟಕಿಯಿಂದ ಕೈ ಚಾಚಿ ಬಾ ಬಾ ಎಂದು ಬೀಸಿದ. ಕೋಲು ಮೊದಲೇ ಎದ್ದು ನಿಂತಿರುವುದನ್ನೂ ಗಂಡನ ಕೈಯನ್ನೂ ನೋಡಿ ವ್ಯಾನಕ್ಕ ನಿಲ್ಲಿಸದೆ ದಾಟಿಹೋದಳು. ಮಕ್ಕಳು ಹೋ ಎಂದು ಕೂಗಿದರು.

"ಏನ್ರೀ, ರಾಜಮರ್ಯಾದೆ ಇವತ್ತು?" ಎಂದಳು ಸಂಜೆ. ಅವಳ ಮುಖ ಅರಳಿತ್ತು. ಅವಳು ಅದನ್ನು ಪ್ರೀತಿ ಎಂದುಕೊಂಡಳು. ಅದು ಹೆದರಿಕೆ. ಅವನ ಮಟ್ಟಿಗೆ ಎರಡೂ ಒಂದೇ ಆಗಿದ್ದರಿಂದ ಅವನು ತಿದ್ದಲು ಹೋಗಲಿಲ್ಲ.

ಅಂದಿನಿಂದ ಅದೇ ಪದ್ಧತಿಯಾಯಿತು. ಕೋಲು ಎದ್ದೇ ಇರುತ್ತದೆ ಎಂದ ಮೇಲೆ ನಿಧಾನ ಮಾಡುವುದು ಯಾಕೆ? ಎರಡನೇ ಗೇರಿನಲ್ಲಿ ಬರುತ್ತಿದ್ದವಳು ಮೂರನೆಯದರಲ್ಲಿ ಬಂದಳು, ಆಮೇಲೆ ನಾಲ್ಕನೆಯದರಲ್ಲಿ. ದಿಬ್ಬ ಇಳಿಯುತ್ತ ಅವಳು ಕೋಲಿನ ಕಡೆ ನೋಡುವುದನ್ನೇ ಬಿಟ್ಟಳು. ಕಿಟಕಿಯಲ್ಲಿ ಗಂಡ ಕಂಡರೆ ಸಾಕು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೇನೆ ಎಂಬುದು ಜೋಪಾನಪ್ಪನಿಗೆ ಹೊಳೆಯುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಅಷ್ಟರಲ್ಲಿ ಬೇರೆಯವರೂ ಪಾಠ ಕಲಿತಿದ್ದರು. ಹಳದಿ ವ್ಯಾನಿನ ಹಿಂದೆ ಸೇರಿಕೊಂಡರೆ ಮೂರನೇ ಲೇನಿನಲ್ಲಿ ಬ್ರೇಕಿನ ಗೊಡವೆಯೇ ಇಲ್ಲ ಎಂದು ಆ ಹೊತ್ತಿಗೆ ಬರುವ ಚಾಲಕರಿಗೆಲ್ಲ ಗೊತ್ತಾಗಿತ್ತು. ಅವರಲ್ಲಿ ಹಾಲಿನ ಟ್ಯಾಂಕರಿನವನಂತೂ ಅವಳ ಬೆನ್ನಿಗೇ ಅಂಟಿಕೊಂಡು ಬರುತ್ತಿದ್ದ.

"ಆ ಟ್ಯಾಂಕರಿನವನಿಗೆ ಸ್ವಲ್ಪ ದೂರ ಇರು ಅಂತ ಹೇಳೇ" ಎಂದಿದ್ದ ಅವನು ಒಮ್ಮೆ.

"ನಾನು ನಿಂತ್ರೆ ತಾನೇ ಅವನು ಗುದ್ದೋದು? ನಾನು ನಿಲ್ಲೋದೇ ಇಲ್ವಲ್ಲ!"

ಇದಾದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಅವನು ಬೂತಿನ ಬಾಗಿಲು ತೆರೆದು ಕೂತಾಗ ಮೇಜಿನ ಅಂಚಿನಲ್ಲಿ ಗುಂಡಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ತೂತು, ತೂತಿಗೆ ಅಂಟಿಸಿದ ಟೇಪು. ಅವನು ಆ ಟೇಪನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಮೂರ್ಖತನ ಎಂದು ಗೊತ್ತಿದ್ದೂ ಮತ್ತೊಮ್ಮೆ ಒತ್ತಿದ.

ಮೇಲ್ವಿಚಾರಕಿ ಮೇಡಂ ಬೂತಿನಿಂದ ಬೂತಿಗೆ ಹೇಳಿಕೊಂಡು ಬರುತ್ತಿದ್ದರು. ಹಿಂದಿನ ವಾರ ಎದುರು ದಿಕ್ಕಿನ ಲೇನಿನಲ್ಲಿ ಒಂದು ಕಾರು ಕೋಲು ಮುರಿದುಕೊಂಡು ಹೋಗಿ ಚಹಾ ತರುತ್ತಿದ್ದ ಮುದುಕನ ಕಾಲಿಗೆ ಗುದ್ದಿತ್ತು. ಆಮೇಲೆ ಟೋಲ್ ಕಂಪನಿಯವರು ಗುಟ್ಟಾಗಿ ಎಲ್ಲ ಲೇನುಗಳ ವೇಗ ಅಳೆದಿದ್ದರು.

"ಇವತ್ತಿನಿಂದ ಗುಂಡಿ ಕಂಟ್ರೋಲ್ ರೂಮಲ್ಲಿ ಮಾತ್ರ. ಗಾಡಿ ಹಳದಿ ಗೆರೆ ಹತ್ರ ಬಂದು ನಿಂತ ಮೇಲೇ ಕೋಲು ಏಳೋದು. ನಿಲ್ಲದೆ ಯಾರೂ ಹೋಗೋ ಹಾಗಿಲ್ಲ" ಎಂದರು ಮೇಡಂ. ಆಮೇಲೆ ಅವನನ್ನೇ ನೋಡುತ್ತ, "ಎಲ್ಲಕ್ಕಿಂತ ಜೋರಾಗಿ ಗಾಡಿ ಓಡೋದು ನಿನ್ನ ಲೇನಲ್ಲಿ. ಅದೂ ಬೆಳಗಿನ ಹೊತ್ತು. ಯಾಕೆ ಅಂತ ಏನಾದ್ರೂ ಗೊತ್ತಾ?"

"ಇಲ್ಲ ಮೇಡಂ."

ಬಾಯಿ ತಾನಾಗಿ ಹೇಳಿಬಿಟ್ಟಿತು. ಮೇಡಂ ಮುಂದಿನ ಬೂತಿಗೆ ಹೋದರು.

ಅವನು ಫೋನು ತೆಗೆದು ಹೆಂಡತಿಗೆ ಮಾಡಿದ. ಬಂದ್. ಗಾಡಿ ಹತ್ತಿದ ಮೇಲೆ ಫೋನು ಬಂದ್ ಮಾಡಿ ಚೀಲದೊಳಗೆ ಹಾಕಬೇಕು ಎಂದು ಅವಳಿಂದ ಮಾತು ತೆಗೆದುಕೊಂಡವನು ಇವನೇ. ಗಂಡನ ನೂರು ಮಾತಿನಲ್ಲಿ ಅವಳು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದನ್ನೇ. ಮತ್ತೆ ಮಾಡಿದ, ಮತ್ತೆ ಅದೇ ಹೆಣ್ಣು ದನಿ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ಸ್ವಲ್ಪ ಹೊತ್ತು ಬಿಟ್ಟರೆ ಏನುಳಿಯುತ್ತದೆ ತಾಯೀ ಎಂದು ಅವನು ಯಂತ್ರಕ್ಕೇ ಬೈದ.

ಅಷ್ಟರಲ್ಲಿ ಮೇಡಂ ಬೂತುಗಳ ಸುತ್ತು ಮುಗಿಸಿ ಕಂಟ್ರೋಲ್ ರೂಮಿಗೆ ಮರಳಿದ್ದರು. ವಾಕಿಟಾಕಿಯಲ್ಲಿ ಅಲ್ಲಿಗೆ ಕೂಗಿದ. "ಮೇಡಂ, ಇವತ್ತೊಂದು ದಿನ ಶಾಲೆ ವ್ಯಾನ್ ಬಂದಾಗ ಕೋಲು ಎತ್ತಿ ಮೇಡಂ, ಮಕ್ಕಳಿರ್ತಾರೆ."

"ಮಕ್ಕಳಿದ್ರೆ ಇನ್ನೂ ನಿಧಾನ ಬರಬೇಕಲ್ಲಪ್ಪ. ನಿಲ್ಲಲಿ."

"ಅಲ್ಲ ಮೇಡಂ, ಅದರ ಹಿಂದೆ ಒಂದು ಟ್ಯಾಂಕರ್..."

"ಆರನೇ ಲೇನಲ್ಲಿ ಒಬ್ಬ ಕೋಲು ಹಿಡ್ಕೊಂಡು ಜಗಳ ಆಡ್ತಿದಾನೆ, ಆಮೇಲೆ ಮಾತಾಡು" ಎಂದು ದನಿ ಕಡಿದುಹೋಯಿತು. ಮೇಡಂ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅದೇ ಅವನನ್ನು ಕಟ್ಟಿಹಾಕಿತು. ಬಾಯಿಬಿಟ್ಟು ಇದು ನನ್ನ ಹೆಂಡತಿಯ ವ್ಯಾನು, ನಾನೇ ಕೆಡಿಸಿದ್ದು ಎಂದು ಹೇಳಬಹುದಿತ್ತು. ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಕೆಲಸವೋ ಮಕ್ಕಳೋ ಎಂದು ಲೆಕ್ಕ ಹಾಕಲು ನಿಂತ ತನ್ನ ಮೇಲೇ ಅವನಿಗೆ ಅಸಹ್ಯವಾಯಿತು. ಮತ್ತೆ ವಾಕಿಟಾಕಿ ಒತ್ತಿದ. ಅದರಲ್ಲೀಗ ಆರನೇ ಲೇನಿನ ಜಗಳ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಕೆಂಪು ಬಾವುಟ ಹಿಡಿದು ಹೊರಗೆ ಬಂದ. ಲೇನಿನ ನಡುವೆ ನಿಂತು ದಿಬ್ಬದ ಕಡೆ ನೋಡಿದ. ಇಲ್ಲಿ ನಿಂತು ಬಾವುಟ ಬೀಸಿದರೆ? ಗಂಡ ರಸ್ತೆಯಲ್ಲಿ ನಿಂತಿರುವುದನ್ನು ಕಂಡು ಅವಳು ಗಾಬರಿಯಲ್ಲಿ ಒಮ್ಮೆಲೇ ಬ್ರೇಕು ತುಳಿಯುತ್ತಾಳೆ. ಹಿಂದೆ ಟ್ಯಾಂಕರು. ಟ್ಯಾಂಕರಿನ ಹೊಟ್ಟೆ ತುಂಬ ಹಾಲು, ಆ ಭಾರ ಇಳಿಜಾರಿನಲ್ಲಿ ನಿಲ್ಲು ಎಂದರೆ ನಿಲ್ಲುವುದೇ? ಕಿಟಕಿಯಿಂದ ಕೈ ಅಡ್ಡ ಮಾಡಿ ತಡೆ ಎಂದರೆ? ಆ ಕಿಟಕಿಯಿಂದ ಹೊರಬಂದ ಕೈಗೆ ಅವಳಿಗೆ ಗೊತ್ತಿರುವ ಅರ್ಥ ಒಂದೇ, ಬಾ. ದಿಬ್ಬದ ಮೇಲಕ್ಕೆ ಓಡಿ ಅಲ್ಲೇ ತಡೆಯೋಣವೆಂದರೆ ಅಷ್ಟು ದೂರ ಮುಟ್ಟುವುದರೊಳಗೆ ಅವಳು ಇಳಿದುಬಿಟ್ಟಿರುತ್ತಾಳೆ. ಅವನು ಎರಡು ಹೆಜ್ಜೆ ಮುಂದೆ ಹೋದ, ಒಂದು ಹಿಂದೆ ಬಂದ. ಒಂದು ಜೀಪು ಹಾರ್ನು ಹೊಡೆದು ಬೈದುಕೊಂಡು ಹೋಯಿತು.

"ಏನಣ್ಣಾ, ಬಾಲ ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡ್ತಿದೀಯ?" ಎಂದಳು ನಾಲ್ಕನೇ ಬೂತಿನಾಕೆ. ಅವಳ ಲೇನಿನಲ್ಲಿ ಸ್ಟಿಕ್ಕರೇ ಇಲ್ಲದ ಟ್ರ್ಯಾಕ್ಟರೊಂದು ನಿಂತಿತ್ತು.

"ಗುಂಡಿ ಇಲ್ಲ ಕಣಮ್ಮ. ಅವಳು ಹಾಗೇ ನುಗ್ಗಿ ಬರ್ತಾಳೆ. ಏನ್ಮಾಡ್ಲಿ?"

"ನುಗ್ಗಲ್ಲ ಬಿಡು. ನೀನು ರಜಾ ಹಾಕಿದ ದಿನ ನೋಡಿದೀನಲ್ಲ, ಬೋರ್ಡಿನ ಹತ್ರಾನೇ ನಿಧಾನ ಮಾಡಿ, ತೆವಳ್ಕೊಂಡು ಬರ್ತಾರೆ ಅಕ್ಕ. ಆ ಓಟ ಎಲ್ಲ ನೀನು ಕಂಡ್ರೆ ಮಾತ್ರ" ಎಂದು ನಕ್ಕು ಟ್ರ್ಯಾಕ್ಟರಿನವನ ಕಡೆ ತಿರುಗಿದಳು.

ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ದಿನ ಸ್ಟಿಕ್ಕರನ್ನೂ ಯಂತ್ರವನ್ನೂ ಲಾರಿಯನ್ನೂ ಟ್ಯಾಂಕರನ್ನೂ ಅನುಮಾನಿಸಿದ್ದ. ಆ ಇಳಿಜಾರಿನಲ್ಲಿ ಅವಳನ್ನು ಓಡಿಸುತ್ತಿದ್ದದ್ದು ತನ್ನ ಮುಖ. ಹಾಗಾದರೆ ಮಾಡಬೇಕಾದದ್ದು ಒಂದೇ. ಕಾಣದೆ ಇರುವುದು. ಬೂತು ಖಾಲಿ ಎಂದು ದೂರದಿಂದಲೇ ತಿಳಿದರೆ ಅವಳು ಮೆಲ್ಲಗೆ ನಿಧಾನ ಮಾಡುತ್ತಾಳೆ, ಹಿಂದಿನವನಿಗೂ ನಿಧಾನ ಮಾಡಲು ಹೊತ್ತು ಸಿಗುತ್ತದೆ.

ಅವನು ಬೂತಿಗೆ ಓಡಿ ಬಾಗಿಲು ಹಾಕಿಕೊಂಡ. ಅಷ್ಟು ಹೊತ್ತಿಗೆ ದಿಬ್ಬದ ತುದಿಯಲ್ಲಿ ಹಳದಿ ಕಂಡಿತು. ಅದರ ಹಿಂದೆಯೇ, ಅದಕ್ಕೆ ಕಟ್ಟಿದ ಹಾಗೆ, ಟ್ಯಾಂಕರಿನ ಬಿಳಿ ತಲೆ. ಕೂತುಬಿಡಬೇಕಿತ್ತು. ಆದರೆ ಪ್ರತಿ ಬೆಳಿಗ್ಗೆ ಆ ಹಳದಿಯನ್ನು ಕಾದು ಕಾದು ಪಳಗಿದ ಕಣ್ಣುಗಳು ಕದಲಲಿಲ್ಲ. ಕಿಟಕಿಯಲ್ಲಿ ಎದೆಮಟ್ಟ ನಿಂತು ಅವನು ಒಂದು ಕ್ಷಣ ನೋಡಿಯೇ ನೋಡಿದ. ಆಮೇಲೆ ಬುದ್ಧಿ ಬಂದು, ಕಡಿದ ಮರದ ಹಾಗೆ ಕೆಳಗೆ ಕುಸಿದು ಮೇಜಿನಡಿ ಸೇರಿಕೊಂಡ.

ಮೇಜಿನಡಿ ಧೂಳು, ವೈರುಗಳ ಗಂಟು, ಯಾರೋ ಬೀಳಿಸಿದ ಪೆನ್ನಿನ ಮುಚ್ಚಳ. ಮೊಣಕಾಲಿಗೆ ಗಲ್ಲ ತಾಗಿಸಿ ಅವನು ಕಿವಿಯನ್ನೆಲ್ಲ ಹೊರಗಿಟ್ಟ. ಕಣ್ಣಿಗೆ ಕಾಣದ ಭಯ ಎಂಥದೆಂದು ಅವನಿಗೆ ಇದುವರೆಗೆ ತಿಳಿದಿರಲಿಲ್ಲ. ಇಷ್ಟು ವರ್ಷ ನೋಡುತ್ತ ನೋಡುತ್ತ ಹೆದರಿದವನು, ನೋಡಿದರೆ ಏನೋ ತಡೆಯಬಹುದು ಎಂದು ನಂಬಿದವನು. ಈಗ ಏನನ್ನೂ ತಡೆಯಲಾರ. ಪಕ್ಕದ ಲೇನಿನ ಟ್ರ್ಯಾಕ್ಟರು ಗುಡುಗುಡು ಎನ್ನುತ್ತ ಬೇರೆಲ್ಲ ಸದ್ದನ್ನೂ ನುಂಗುತ್ತಿತ್ತು. ಅದಕ್ಕೆ ಶಾಪ ಹಾಕಿದ. ವ್ಯಾನಿನ ಇಂಜಿನು ಕೇಳಿತು. ದನಿ ತಗ್ಗುತ್ತದೆ ಎಂದು ಕಾದ. ತಗ್ಗು, ತಗ್ಗು ಮಾರಾಯ್ತಿ, ಕಾಲು ತೆಗೆ ಎಂದು ಹಲ್ಲು ಕಚ್ಚಿಕೊಂಡ.

ದನಿ ಏರಿತು.

ಏಳಬೇಕೆಂದುಕೊಂಡ, ಕಾಲುಗಳು ಅವನವಾಗಿರಲಿಲ್ಲ. ಒಮ್ಮೆಲೇ ಮಕ್ಕಳ ಕಿರುಚು, ಅದರ ಮೇಲೆ ಟೈರಿನ ಕಿರುಚು, ಅದರ ಮೇಲೆ ಇನ್ನೂ ದೊಡ್ಡ ಟೈರುಗಳ ಕಿರುಚು, ಬುಸ್ಸೆಂದು ಗಾಳಿ ಬಿಟ್ಟ ಬ್ರೇಕು. ಬೂತಿನ ಗಾಜು ನಡುಗಿತು. ಸುಟ್ಟ ರಬ್ಬರಿನ ವಾಸನೆ ಒಳಗೆ ಬಂತು. ಆಮೇಲೆ ಟ್ರ್ಯಾಕ್ಟರಿನದೊಂದು ಬಿಟ್ಟು ಬೇರೆ ಸದ್ದೇ ಇರಲಿಲ್ಲ. ಗುದ್ದಿದ ಸದ್ದು ಕೇಳಿತೋ ಇಲ್ಲವೋ ಎಂದು ಅವನು ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ.

ಒಂದು ಮಗು ಅಳತೊಡಗಿತು. ಅಳು ಕೇಳಿ ಅವನಿಗೆ ಕಾಲು ಬಂತು.

ಬಾಗಿಲು ದೂಡಿಕೊಂಡು ಹೊರಗೆ ಬಂದ. ವ್ಯಾನು ಗೆರೆ ದಾಟಿ, ಅದರ ಮೂತಿ ಅಡ್ಡಕೋಲಿಗೆ ಮುತ್ತಿಡುವಷ್ಟು ಹತ್ತಿರ ನಿಂತಿತ್ತು. ಹಿಂದೆ ಟ್ಯಾಂಕರು. ಅದರ ಬಂಪರಿಗೂ ವ್ಯಾನಿನ ಹಿಂಬಾಗಿಲಿಗೂ ನಡುವೆ ಕೈ ತೂರಿಸಲೂ ಜಾಗವಿರಲಿಲ್ಲ. ಟ್ಯಾಂಕರಿನವನು ಬೈಯಲೆಂದೇ ಬಾಯಿ ತೆರೆದುಕೊಂಡು ಇಳಿದಿದ್ದ. ಹಿಂಗಾಜಿನಲ್ಲಿ ಸಾಲಾಗಿ ತನ್ನನ್ನೇ ನೋಡುತ್ತಿದ್ದ ಪುಟ್ಟ ಮುಖಗಳನ್ನು ಕಂಡು ಅವನ ಬಾಯಿ ಮುಚ್ಚಿತು. ಸಿಮೆಂಟಿನ ಕಟ್ಟೆಯ ಮೇಲೆ ಕುಕ್ಕರಿಸಿ ತಲೆ ಹಿಡಿದುಕೊಂಡ.

ಜೋಪಾನಪ್ಪ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಣ್ಣಿನಲ್ಲೇ ಮುಟ್ಟಿ ನೋಡಿದ. ಒಬ್ಬಳ ಹಣೆ ಮುಂದಿನ ಸೀಟಿಗೆ ತಾಗಿ ಕೆಂಪಾಗಿತ್ತು, ಅಳುತ್ತಿದ್ದವಳು ಅವಳೇ. ಉಳಿದವರು ಅಳಲೂ ಮರೆತು ಕೂತಿದ್ದರು. ಆಮೇಲೆ ಚಾಲಕಿಯ ಕಿಟಕಿಗೆ ಹೋದ. ಹೆಂಡತಿ ಸ್ಟೀರಿಂಗ್ ಹಿಡಿದುಕೊಂಡು, ಸತ್ತವನು ಎದ್ದು ಬಂದ ಹಾಗೆ ಅವನನ್ನು ನೋಡಿದಳು.

"ನೀವು ಬಿದ್ರಲ್ಲ?"

"ಬೀಳ್ಲಿಲ್ಲ. ಕೂತೆ."

"ನಾನು ನೋಡಿದೆ. ಕಿಟಕೀಲಿ ಇದ್ರಿ. ಹಾಗೇ ಕುಸಿದು ಹೋದ್ರಿ. ಎದೆಗಿದೆ ಒಡೀತೋ ಏನೋ ಅಂತ..."

"ಗುಂಡಿ ಕಿತ್ತಾಕಿದ್ರು ಕಣೇ. ಕೋಲು ಏಳಲ್ಲ ಇವತ್ತು. ನಾನು ಕಂಡ್ರೆ ನೀನು ನಿಲ್ಲಿಸಲ್ಲ ಅಂತ ಬಚ್ಚಿಟ್ಕೊಂಡೆ."

ಅವಳು ಮುಂದಿನ ಕೋಲಿನಿಂದ ಖಾಲಿ ಬೂತಿನ ಕಿಟಕಿಗೆ ಕಣ್ಣು ಹೊರಳಿಸಿದಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಹೇಳಿದಳು, "ನೀವು ಬಿದ್ದಿದ್ದು ಕಂಡ ತಕ್ಷಣ ನಾನು ಒತ್ತಿದ್ದು ಬ್ರೇಕಲ್ಲ ಕಣ್ರೀ. ಆಕ್ಸಿಲರೇಟರು. ನಿಮ್ಮ ಹತ್ರ ಬೇಗ ಬರೋಣ ಅಂತ. ಕೋಲಿನ ಕಡೆ ನೋಡ್ಲೇ ಇಲ್ಲ ನಾನು. ಮಕ್ಕಳೆಲ್ಲ ಗೇಟು ಗೇಟು ಅಂತ ಕಿರುಚಿದ್ರಿಂದ..."

ಗುಂಡಿ ಒತ್ತಿಯೂ ಅವಳನ್ನು ಸಾವಿನ ಕಡೆಗೇ ಕರೆದಿದ್ದ, ಬಚ್ಚಿಟ್ಟುಕೊಂಡೂ ಅಲ್ಲಿಗೇ ಕರೆದಿದ್ದ. ಮೂರನೆಯ ಉಪಾಯ ಅವನ ಬಳಿ ಇರಲಿಲ್ಲ.

ಮೇಡಂ ಓಡುತ್ತ ಬಂದರು. "ಏನಿದು? ಯಾರ ಗಾಡಿ ಇದು?"

"ನನ್ನ ಹೆಂಡತಿ ಮೇಡಂ. ದಿನಾ ನಾನೇ ಗುಂಡಿ ಒತ್ತಿ ಬಿಡ್ತಿದ್ದೆ. ನಿಲ್ಲೋದನ್ನ ಮರೆಸಿದ್ದು ನಾನೇ. ನೀವು ಕೇಳಿದಾಗ ಗೊತ್ತಿಲ್ಲ ಅಂದೆ, ಸುಳ್ಳು."

ಮೇಡಂ ಟ್ಯಾಂಕರನ್ನು ನೋಡಿದರು, ವ್ಯಾನಿನ ಹಿಂಬಾಗಿಲನ್ನು ನೋಡಿದರು, ಒಳಗಿನ ಮಕ್ಕಳನ್ನು ನೋಡಿದರು. "ಸಂಜೆ ಆಫೀಸಿಗೆ ಬಾ" ಎಂದಷ್ಟೇ ಹೇಳಿ ಅಳುವ ಮಗುವಿನ ಕಡೆ ಹೋದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಅವನು ಸಂಜೆಯವರೆಗೂ ಗಡಿಯಾರ ನೋಡುತ್ತ ಕೂರುತ್ತಿದ್ದ. ಇವತ್ತು ಅದು ಬೇರೆ ಯಾರಿಗೋ ಹೇಳಿದ ಹಾಗೆ ಕೇಳಿಸಿತು.

ವ್ಯಾನು ನಿಂತದ್ದು ಯಂತ್ರಕ್ಕೆ ತಿಳಿದು, ಅಡ್ಡಕೋಲು ಸದ್ದಿಲ್ಲದೆ ಎದ್ದು ನಿಂತಿತ್ತು. ಹಿಂದಿನ ಗಾಡಿಗಳಿಗೆ ಅದು ಕಾಣುತ್ತಿತ್ತು. ಮೊದಲು ಒಂದು ಹಾರ್ನು, ಆಮೇಲೆ ನಾಲ್ಕು, ಆಮೇಲೆ ದಿಬ್ಬದವರೆಗೂ.

"ಮಕ್ಕಳಿಗೆ ಹೊತ್ತಾಗುತ್ತೆ, ಹೊರಡು. ಕೋಲು ಎದ್ದಿದೆ" ಎಂದ ಅವನು.

"ಆಗ್ತಿಲ್ಲ."

"ಏನಾಗ್ತಿಲ್ಲ?"

"ಕಾಲು. ಬ್ರೇಕ್ ಮೇಲಿಂದ ಏಳ್ತಾನೇ ಇಲ್ಲ ಕಣ್ರೀ."

ಅವನು ಬಗ್ಗಿ ಒಳಗೆ ನೋಡಿದ. ಎಂಥ ಸಂತೆಯಲ್ಲೂ ಗಾಡಿಯನ್ನು ನೂಲಿನ ಹಾಗೆ ತೂರಿಸುತ್ತಿದ್ದವಳ ಕಾಲು ಬ್ರೇಕನ್ನು ನೆಲಕ್ಕೆ ಒತ್ತಿಹಿಡಿದು ಕಂಬದ ಹಾಗೆ ಸೆಟೆದಿತ್ತು. ಅವನು ಕಿಟಕಿಯೊಳಗೆ ಕೈ ಹಾಕಿ, ಸ್ಟೀರಿಂಗಿನ ಮೇಲೆ ಗಂಟಾಗಿದ್ದ ಅವಳ ಬೆರಳುಗಳ ಮೇಲಿಟ್ಟ.

"ಏಳೋದು ಬೇಡ. ಇರಲಿ ಅಲ್ಲೇ" ಎಂದ.

ಹಾರ್ನುಗಳು ಕಿವಿ ಹರಿಯುವಂತೆ ಹೊಡೆದುಕೊಳ್ಳುತ್ತಿದ್ದವು. ಯಾರೋ ಇಳಿದು ಬಂದು ಹಿಂದಿನಿಂದ ಅವನನ್ನು ಬೈಯತೊಡಗಿದರು. ಅವನು ತಿರುಗಿ ನೋಡಲಿಲ್ಲ.